ಏಳು ದಿನದ ಕಾಕಾ

ವಾಡಿ ಜಂಕ್ಷನ್,
ತಾ. ೨೨ ಜನವರಿ ೨೦೨೫, ಬುಧವಾರ

ನೆರೆದ ಮಹಾಜನರೇ, ಮುಂದೆ ಚಾಪೆ ಹಾಸಿ ಕುಳಿತ ತಾಯಂದಿರೇ, ಹಿಂದೆ ಕಂಬಕ್ಕೆ ಒರಗಿ ನಿಂತ ಅಣ್ಣತಮ್ಮಂದಿರೇ, ಗದ್ದಲ ಮಾಡಬೇಡಿರಿ, ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಳ್ಳಿರಿ, ಪರದೆ ಏಳುತ್ತಿದೆ!

ನಗಬ್ಯಾಡ ತುಳಜಾ. ನಲವತ್ತು ವರ್ಷ ಹೀಗೇ ಶುರು ಮಾಡಿದ ಬಾಯಿ ಇದು, ಹೆಂಡತಿಗೆ ಪತ್ರ ಬರೆಯಲು ಕುಳಿತರೂ ಮೊದಲು ಸಭೆಯನ್ನು ಹುಡುಕುತ್ತದೆ. ಈ ಸಲ ಸಭೆ ಅಂದರೆ ನೀನೊಬ್ಬಳೇ. ನಿನ್ನ ಮೊಣಕಾಲು ಹೇಗಿದೆ? ಬಾಣಂತಿಗೆ ನೀರು ಹಾಕುವ ಭರದಲ್ಲಿ ನೀನೇ ಜಾರಿ ಬಿದ್ದೀಯ, ಬಚ್ಚಲದಲ್ಲಿ ಗೋಡೆ ಹಿಡಿದು ನಡೆ. ಕೂಸಿನ ಕೆಮ್ಮು ನಿಂತಿತೇ? ನಾನು ಆರಾಮ ಇದ್ದೇನೆ. ರೊಟ್ಟಿ ಖಾನಾವಳಿಯಿಂದ ಬರುತ್ತದೆ, ಪಲ್ಯ ನಾನೇ ಮಾಡಿಕೊಳ್ಳುತ್ತೇನೆ, ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲ.

ಪತ್ರ ಯಾಕೆ, ಫೋನಿಗೆ ಏನಾಯಿತು ಅಂತೀಯ. ನಿನ್ನ ತವರು ಕೊಡ್ಲಿಯಲ್ಲಿ ನಿನ್ನ ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಅಂಗಳದ ನಡುವೆ ಇಡುತ್ತಾನೆ. ನನ್ನ ಗಂಟಲು ನಿನಗೆ ಗೊತ್ತು, ಗುಟ್ಟು ಹೇಳಿದರೂ ಮೂರು ಓಣಿಗೆ ಮುಟ್ಟುತ್ತದೆ. ಮಗಳು ಯಾಕ ಫೋನ್ ಎತ್ತವಲ್ಲಳು ಎಂದು ನೀನು ನಾಲ್ಕು ಸಲ ಕೇಳಿದೆ. ನಾಲ್ಕೂ ಸಲ ನಾನು, ಸಮುದ್ರದಾಗ ರೇಂಜ್ ಸಿಗಂಗಿಲ್ಲ ಅಂದೆ. ಅದು ಸುಳ್ಳು. ಇದನ್ನು ನೀನೇ ಓದು, ಯಾರ ಕೈಗೂ ಕೊಡಬೇಡ.

ಹಡಗಿನ ಕೆಲಸದವರು ವರ್ಷಕ್ಕೊಮ್ಮೆ ತಮ್ಮವರೊಬ್ಬರನ್ನು ಪುಕ್ಕಟೆ ಕರೆಸಿಕೊಳ್ಳಬಹುದು ಅಂತ ನಮ್ಮ ಮಗಳು ಮೈತ್ರಿ ಹೇಳಿದ್ದಳಲ್ಲ, ನೀನು ತಮ್ಮನ ಮಗಳ ಬಾಣಂತನಕ್ಕೆ ಹೋದದ್ದರಿಂದ ಆ ಜಾಗ ನನ್ನ ಪಾಲಿಗೆ ಬಂತು. ನೀನೇ ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿ ಹಾಕಿಕೊಂಡು ಗೋವಾದ ಜೆಟ್ಟಿಗೆ ಇಳಿದೆ. ಮಗಳು ಓಡಿ ಬಂದಳು. ಮೊದಲು ನನ್ನ ಚೀಲ ಹಿಡಿಯಲಿಲ್ಲ, ತೋಳು ಹಿಡಿದು ಒಂದು ಕಡೆಗೆ ಎಳೆದಳು. "ಅಪ್ಪಾ, ಈ ಏಳು ದಿನ ನೀ ನಮ್ಮ ಓಣಿ ಕಾಕಾ ಆಗಿರು. ದಶರಥ ಕಾಕಾ. ಸಿಟ್ಟಾಗಬ್ಯಾಡ" ಅಂದಳು.

ಸಂಗತಿ ಇಷ್ಟು. ಆ ಹಡಗಿನಲ್ಲಿ ಬರುವ ಮಂದಿ ಬರೀ ಗಾಳಿ ಕುಡಿಯಲು ಬರುವುದಿಲ್ಲ. ದಂಡೆಯ ಕೋಟೆ, ದ್ವೀಪ, ಹಳೆಯ ಬಂದರು, ಎಲ್ಲದರ ಇತಿಹಾಸ ಕೇಳಲು ಬರುತ್ತಾರೆ, ಹೇಳುವ ಕೆಲಸ ನಮ್ಮ ಮಗಳದು. ಎರಡು ವರ್ಷದ ಹಿಂದೆ ಕೆಲಸ ಕೇಳಲು ಹೋದಾಗ ಹಡಗಿನ ಒಡತಿ ಗುಲ್ಶನ್ ಮೇಡಂ, ಇಷ್ಟು ಇತಿಹಾಸ ಎಲ್ಲಿ ಕಲಿತೆ ಎಂದು ಕೇಳಿದಳಂತೆ. ರೇಲ್ವೆ ಗ್ಯಾಂಗ್‌ಮನ್ ಮಗಳು, ಅಪ್ಪನ ನಾಟಕ ನೋಡಿ ಕಲಿತೆ ಅಂದರೆ ಯಾರು ಕೆಲಸ ಕೊಟ್ಟಾರು ಎಂದು ಹೆದರಿ, ನಮ್ಮಪ್ಪ ಕಲಬುರಗಿಯ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರ್, ಪುಸ್ತಕದ ನಡುವೆಯೇ ಬೆಳೆದೆ ಅಂದುಬಿಟ್ಟಳು. ಅಂದಿನಿಂದ ಆ ಪ್ರೊಫೆಸರ್ ಹಡಗಿನಲ್ಲೇ ವಾಸ. ನನಗೆ ಮಾತ್ರ ಜಾಗ ಇಲ್ಲ.

ನಾನು ಏನಂದೆ ಕೇಳು. ಆಗಲಿ ಅಂದೆ. ಪಾತ್ರ ಕೊಟ್ಟರೆ ಯಾಕೆ ಎಂದು ಕೇಳುವ ನಟ ನಾನಲ್ಲ. ಮೂವತ್ತೊಂದು ವರ್ಷ ಹಳಿ ಬಡಿದೆ, ರಜೆ ಸಿಕ್ಕಾಗೆಲ್ಲ ಶಹಾಬಾದ, ಚಿತ್ತಾಪುರ, ಸೇಡಂ ಸುತ್ತಿನ ಊರುಗಳಲ್ಲಿ ಮುಖಕ್ಕೆ ಬಣ್ಣ ಹಚ್ಚಿ ರಾಜನಾದೆ, ಸೇನಾಪತಿಯಾದೆ, ಕಳ್ಳನೂ ಆದೆ. ಕಾಕಾ ಆಗುವುದು ಯಾವ ದೊಡ್ಡ ಮಾತು. ಜೆಟ್ಟಿಯ ಮೇಲೆಯೇ ಬೆನ್ನು ಒಂದಿಷ್ಟು ಬಗ್ಗಿಸಿದೆ, ದನಿ ಇಳಿಸಿದೆ. ಒಡತಿಗೆ ಜೈಭೀಮ್ ಅನ್ನಲು ಹೊರಟ ಬಾಯನ್ನು ತಡೆದು ನಮಸ್ಕಾರ ಅಂದೆ. ಅದನ್ನು ಮಗಳು ಹೇಳಿಕೊಟ್ಟಿರಲಿಲ್ಲ, ನಾನೇ ಸೇರಿಸಿದೆ. ಈಗ ನೆನೆದರೆ ನಾಲಿಗೆ ಕಹಿಯಾಗುತ್ತದೆ.

ಇನ್ನು ಸಮುದ್ರ! ನಮ್ಮ ನಾಟಕದ ಸಮುದ್ರ ಅಂದರೆ ನೀಲಿ ಬಳಿದ ಪರದೆ, ಆ ಬದಿಗೊಬ್ಬ ಈ ಬದಿಗೊಬ್ಬ ನಿಂತು ಅಲುಗಾಡಿಸಿದರೆ ಬಿರುಗಾಳಿ. ಇಲ್ಲಿ ಪರದೆ ಸುಮ್ಮನೆ ಇರುತ್ತದೆ, ನಟನನ್ನೇ ಅಲುಗಾಡಿಸುತ್ತಾರೆ. ಮೊದಲ ದಿನ ಹಾಯಿಗೆ ಗಾಳಿ ತುಂಬಿ ಹಡಗು ಒಂದು ಮಗ್ಗುಲಿಗೆ ವಾಲಿದಾಗ ನಾನು ಇಟ್ಟ ಕೂಗಿಗೆ ಅಡುಗೆಯವನ ಕೈಯಿಂದ ಪಾತ್ರೆ ಬಿತ್ತು. ಹೊಟ್ಟೆಯಲ್ಲಿ ಇದ್ದದ್ದೆಲ್ಲ ಅರಬ್ಬಿ ಸಮುದ್ರದ ಪಾಲಾಯಿತು. ಮಗಳು ಬಂದು ಬೆನ್ನು ನೀವಿದಳು, ಬಾಯಿ ತೊಳೆಯಲು ನೀರು ಕೊಟ್ಟಳು, "ಕಾಕಾ, ದೂರದ ದಂಡೆ ನೋಡಿಕೋತ ಕುಂದ್ರಿ" ಅಂದಳು. ಅಷ್ಟು ಹತ್ತಿರ ಕುಳಿತು, ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು, ಕಾಕಾ!

ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ಅವಳು ಕಥೆ ಹೇಳುವುದನ್ನು ಮೊದಲ ಸಲ ಕಂಡೆ. ಬಂಡೆಯ ಮೇಲೆ ನಿಂತಳು ತುಳಜಾ, ಗಾಳಿಗೆ ಬೆನ್ನು ಕೊಟ್ಟು. ಮಾತು ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿದಳು, ಕೈ ಎಲ್ಲಿಗೆ ಎತ್ತಬೇಕೋ ಅಲ್ಲಿಗೇ ಎತ್ತಿದಳು. ಎಲ್ಲ ನನ್ನದೇ. ಮಂದಿ ಚಪ್ಪಾಳೆ ತಟ್ಟಿದರು. ಸಣ್ಣಾಕಿ ಇದ್ದಾಗ ಈ ಕಾಕಾನ ನಾಟಕ ನೋಡಿ ಕಲಿತೆ ಅಂತ ನನ್ನ ಕಡೆ ಬೆರಳು ಮಾಡಿದಳು. ಗುಲ್ಶನ್ ಮೇಡಂ ಹಿಂದಿಯಲ್ಲಿ ಚೇಷ್ಟೆ ಮಾಡಿದಳು: ಮಗಳು ಹೀಗೆ ಕಾಕಾನಂತೆ ಮಾತಾಡಿದರೆ ಪ್ರೊಫೆಸರ್ ಸಾಹೇಬರಿಗೆ ಹೊಟ್ಟೆಕಿಚ್ಚು ಆಗುವುದಿಲ್ಲವೇ ಅಂತ. ಎಲ್ಲರೂ ನಕ್ಕರು. ಮೈತ್ರಿಯೂ ನಕ್ಕಳು. ಆ ನಗು ನನಗೆ ಇನ್ನೂ ದಕ್ಕಿಲ್ಲ.

ಯಾತ್ರಿಕರಲ್ಲಿ ಶಾಂತಕುಮಾರ ಎಂಬ ಸಾಹೇಬ ಒಬ್ಬನಿದ್ದ. ಒಂದು ಕಾಲಕ್ಕೆ ನಮ್ಮ ಕಡೆಯ ಸಿಮೆಂಟು ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದವನು, ವಯಸ್ಸಿನಲ್ಲಿ ನನ್ನ ಸಮ. ಎರಡು ದಿನ "ಬರ್ರಿ ದಶರಥಪ್ಪ, ಕುಂದ್ರಿ ದಶರಥಪ್ಪ" ಅಂತ ಬಾಯಿ ತುಂಬ ಕರೆದ. ಮೂರನೆಯ ದಿನ, ವಾಡಿಯೊಳಗೆ ಯಾವ ಓಣಿ ಎಂದು ಕೇಳಿದ. ಹೇಳಿದೆ. "ಹಾಂ" ಅಂದ. ಅಷ್ಟೇ. ಮರುದಿನದಿಂದ "ಬಾರೋ ದಶರಥ, ಆ ಛತ್ರಿ ತಾ." ಕುಡಿದ ಚಹಾದ ಕಪ್ಪು ನನ್ನ ಕೈಗೇ ಬಂತು. ಮೈತ್ರಿ ಎಲ್ಲ ನೋಡುತ್ತಿದ್ದಳು. ತುಟಿ ಕಚ್ಚಿ ನಿಂತಳೇ ಹೊರತು ಮಾತಾಡಲಿಲ್ಲ. ಇಲ್ಲದ ಪ್ರೊಫೆಸರಿಗೆ ಇದ್ದ ಮರ್ಯಾದೆ ಇದ್ದ ಅಪ್ಪನಿಗೆ ಇರಲಿಲ್ಲ. ಇಂಥ ಮಗಳನ್ನು ಕಲಿಸಿದೆವು ನಾವು, ಮಳೆಯಲ್ಲಿ ಹಳಿ ಕಾಯ್ದು!

ಆರನೆಯ ದಿನ ಹೊನ್ನಾವರದ ಎದುರಿನ ಕೋಟೆಯ ದ್ವೀಪ ನೋಡಿದೆವು. ಏಳನೆಯ ದಿನ ತಿರುಗಿ ಬಂದೆವು. ಅಷ್ಟೇ ನನ್ನ ಸಮುದ್ರಯಾನ. ಮಗಳು ಫೋನ್ ಎತ್ತದಿದ್ದರೆ ಎತ್ತದಿರಲಿ, ನೀನೂ ಮಾಡಬೇಡ.

ಬಾಣಂತಿಗೂ ಕೂಸಿಗೂ ನನ್ನ ಆಶೀರ್ವಾದ ಹೇಳು. ಮನೆಮಂದಿಗೆಲ್ಲ ಜೈಭೀಮ್. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ,
ಧರ್ಮಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಚಪ್ಪಲಿ ಮೆಟ್ಟಿದವನು ತಿರುಗಿ ಬಂದು, ಅದನ್ನು ಹರಿದು ಬರೆಯುತ್ತಿದ್ದೇನೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಆರನೆಯ ದಿನವನ್ನು ನುಂಗಿಬಿಟ್ಟೆ.

ಆ ದಿನ ಕೋಟೆ ಏರುವಾಗ ಶಾಂತಕುಮಾರ ತನ್ನ ಚೀಲ ತೆಗೆದು ನನ್ನ ಹೆಗಲಿಗೆ ಹಾಕಿದ. ಹೊತ್ತೆ. ಮೈತ್ರಿ ಮೇಲೆ ಗೋಡೆಯ ಹತ್ತಿರ ಕಥೆ ಹೇಳುತ್ತಿದ್ದಳು, ನಡುವೆಯೇ ನಿಲ್ಲಿಸಿದಳು. ಕೆಳಗೆ ಇಳಿದು ಬಂದಳು. "ಸರ್, ಆ ಚೀಲ ನೀವ ಇಟ್ಕೋರಿ. ಇವರು ನಮ್ಮಪ್ಪ. ಹೆಸರು ಧರ್ಮಣ್ಣ. ವಾಡಿಯಾಗ ಗ್ಯಾಂಗ್‌ಮನ್ ಇದ್ರು. ಪ್ರೊಫೆಸರ್ ಅಂತ ಯಾರೂ ಇಲ್ಲ" ಅಂದಳು. ಅದನ್ನೇ ಒಡತಿಗೆ ತಿಳಿಯುವಂತೆ ಹಿಂದಿಯಲ್ಲೂ ಹೇಳಿದಳು. ಹನ್ನೊಂದು ಮಂದಿಯ ಮುಂದೆ, ದನಿ ನಡುಗದಂತೆ.

ಐದು ದಿನ ನಾನು ಕಾದದ್ದು ಆ ಮಾತಿಗೇ. ಬಂತು. ನಾನು ಏನು ಮಾಡಿದೆ ಗೊತ್ತೇ? ಕೈ ಜೋಡಿಸಿದೆ, ಬಡ ನಗೆ ನಕ್ಕೆ. "ಇಲ್ರಿ ಸಾಹೇಬ್ರ, ನಾ ಬರೇ ಓಣಿ ಕಾಕಾ. ಅಕಿಗಿ ನನ್ನ ಮ್ಯಾಲ ಭಾಳ ಮಾಯಾ, ಅದಕ್ಕ ಹಂಗಂತಾಳ" ಅಂದೆ. ಚೀಲವನ್ನೂ ಇಳಿಸಲಿಲ್ಲ.

ಎಲ್ಲರೂ ನನ್ನನ್ನೇ ನಂಬಿದರು. ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾವ ಪಾತ್ರವನ್ನೂ ಮಾಡಿರಲಿಲ್ಲ. ಅವಳ ಕೆಲಸ ಉಳಿಸಲು ಹಾಗೆ ಮಾಡಿದೆ ಅಂತ ಸೋಲಾಪುರದವರೆಗೂ ನನಗೆ ನಾನೇ ಹೇಳಿಕೊಂಡು ಬಂದೆ. ಅಲ್ಲ ತುಳಜಾ. ನಮ್ಮವರೇ ನಮ್ಮನ್ನು ತಮ್ಮವರಲ್ಲ ಅಂದರೆ ಹೇಗೆ ಉರಿಯುತ್ತದೆ ಅಂತ ಅವಳಿಗೂ ಗೊತ್ತಾಗಲಿ ಅಂತಲೇ ಅಂದೆ. ಅವಳ ಮುಖ ನೋಡಿಕೊಂಡೇ ಅಂದೆ.

ಅಂದು ಸಂಜೆ ಗುಲ್ಶನ್ ಮೇಡಂ, ದ್ವೀಪಕ್ಕೊಬ್ಬ ಅಪ್ಪನನ್ನು ತೋರಿಸುವ ಹುಡುಗಿಯ ಇತಿಹಾಸವನ್ನು ಯಾರು ನಂಬುತ್ತಾರೆ, ಮುಂದಿನ ವಾರದಿಂದ ಅಡುಗೆಮನೆಯಲ್ಲಿ ಇರು ಅಂದಳು. ಮೈತ್ರಿ ಅಪ್ಪ ಅಂತ ನನ್ನ ಹೆಸರಿರುವ ಗುರುತಿನ ಕಾಗದ ತೋರಿಸಬಹುದಿತ್ತು. ತೋರಿಸಲಿಲ್ಲ. ಮರುದಿನ ಜೆಟ್ಟಿಯಲ್ಲಿ ನನ್ನ ಚೀಲ ತಂದು ಕೈಗೆ ಕೊಟ್ಟಳು. "ಹೋಗಿ ಬರ್ರಿ ಕಾಕಾ" ಅಂದಳು. ಸುತ್ತ ಯಾರೂ ಇರಲಿಲ್ಲ. ನಾವಿಬ್ಬರೇ ಇದ್ದೆವು.

ಹಡಗು ಶುಕ್ರವಾರ ದಂಡೆಗೆ ಬರುತ್ತದೆ, ಶನಿವಾರ ಮತ್ತೆ ಹೊರಡುತ್ತದೆ. ನನ್ನ ಪಿಂಚಣಿ ಪುಸ್ತಕ, ಅವಳ ಶಾಲೆಯ ದಾಖಲೆ ಎರಡನ್ನೂ ತೆಗೆದಿಟ್ಟುಕೊಂಡಿದ್ದೇನೆ. ಸುಳ್ಳು ಹೇಳಿದವನು ನಾನು, ಹುಡುಗಿ ಖರೆ ಹೇಳಿದಳು ಎಂದು ಹೊಸ ಯಾತ್ರಿಕರ ಎದುರಿಗೇ ಒಡತಿಗೆ ಹೇಳಬೇಕು. ಮೈತ್ರಿ ಹಡಗಿನಿಂದ ಇಳಿದು ಬಂದರೆ ಬರಲಿ, ಬರದಿದ್ದರೆ ಅದೂ ಅವಳ ಹಕ್ಕು. ನಾಳೆ ಮುಂಜಾನೆ ಮೊದಲ ಗಾಡಿಗೇ ಹೊರಡುತ್ತೇನೆ.