ಸಿನಿಮಾದ ಅಪ್ಪ

ವಿಕ್ರೋಳಿ,
ಭಾನುವಾರ

ಡೈರೆಕ್ಟರ್ ಶುಭಾಂಗಿ ಮೇಡಂ ಅವರಿಗೆ, ಸೋಫಾ ರಿಪೇರಿಯ ಅಲ್ಲಾಬಕ್ಷನ ಸಲಾಮು.

ನಿಮ್ಮ ಸಿನಿಮಾ ನೋಡಿದೆವು. ಮನೆಯವರ ಮೇಲೆ ತಿರುಗಿಬೀಳುವ ಹುಡುಗಿಯಾಗಿ ನಮ್ಮ ಶಬ್ರೀನ ಚೆನ್ನಾಗಿ ಮಾಡಿದ್ದಾಳೆ. "ನಿಮ್ಮಂಥಾ ಮಂದಿ ಸಿನಿಮಾದಾಗ ಕಾಣಬೇಕ್ರಿ ಚಾಚಾ" ಎಂದು ನೀವು ನಮ್ಮ ಕಡೆಯ ಕನ್ನಡದಲ್ಲೇ ಕೇಳಿದಿರಿ. ಅದಕ್ಕೇ ಮಗಳನ್ನೂ ಕಳಿಸಿದೆ, ಶೂಟಿಂಗಿಗೆ ನಾವಿರುವ ಖೋಲಿಯನ್ನೂ ಬಿಟ್ಟುಕೊಟ್ಟೆ. ಅಪ್ಪನ ಪಾತ್ರ ಮಾಡುವವರಿಗೆ ನನ್ನ ಟೋಪಿಯನ್ನು ನಾನೇ ಕೊಟ್ಟೆ. ಅವರು ಅದನ್ನು ಹಾಕಿಕೊಂಡು ಅವಳನ್ನು ಬೆಲ್ಟಿನಿಂದ ಹೊಡೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಚಾಳಿನವರೆಲ್ಲ ನೋಡಿದ್ದಾರೆ. ಈಗ ನಾನು ಮನೆಯೊಳಗೆ ಜೋರಾಗಿ ಕೆಮ್ಮಿದರೂ ಪಕ್ಕದ ಬಾಗಿಲು ತೆರೆಯುತ್ತದೆ.

ಶಬ್ರೀನ ಕಾಲೇಜು ಬಿಟ್ಟಿದ್ದಾಳೆ. ಆಡಿಷನ್ ಎಂದು ದಿನಾ ಅಂಧೇರಿಗೆ ಹೋಗುತ್ತಾಳೆ. ಅಲ್ಲಿಯೂ ಎಲ್ಲರೂ ಅವಳಿಗೆ ಅಪ್ಪನ ಕೈಲಿ ಹೊಡೆಸಿಕೊಳ್ಳುವ ಪಾತ್ರವನ್ನೇ ಕೊಡುತ್ತೇವೆ ಅನ್ನುತ್ತಾರಂತೆ. ಮೊನ್ನೆ ಸ್ವಲ್ಪ ದನಿ ಏರಿಸಿ, "ಪರೀಕ್ಷಾ ಮುಗೀಲಿ ಬೇಟಾ, ಆಮ್ಯಾಲ ಹೋಗು" ಅಂದೆ.

"ಅಬ್ಬಾಜಾನ್, ನೀವೂ ಆ ಪಿಚ್ಚರಿನ ಅಪ್ಪನಂಗಽ ಮಾಡಾಕತ್ತೀರಿ" ಎಂದಳು.

ಪಕ್ಕದ ಬಾಗಿಲು ತೆರೆಯಿತು. ಅವಳು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಸಿನಿಮಾ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ಮಾತನ್ನು ಅವಳು ಇನ್ನೂ ಕೇಳುತ್ತಾಳೆ. ಒಂದು ಸಲ ಫೋನ್ ಮಾಡಿ, ನಾನು ಬೈಯಬೇಕಾದದ್ದನ್ನು ದಯವಿಟ್ಟು ನೀವೇ ಬೈಯಿರಿ.

ಟೋಪಿಯನ್ನು ವಾಪಸು ಕಳಿಸಬೇಡಿ.

ಇಂತು,
ಶಬ್ರೀನಳ ತಂದೆ
ಅಲ್ಲಾಬಕ್ಷ