ಕೋಟಿನ ತೋಳಿನಲ್ಲಿ ಇದ್ದದ್ದು

ಹಳಿ ಕೆಲಸಗಾರರ ಸಾಲುಮನೆ, ಕೊನೆಯ ಬಾಗಿಲು
ನವೆಂಬರ್ ೨೧, ಗುರುವಾರ

ನನ್ನ ಸೊಸೆಗೆ,

ಪ್ರೀತಿಯ ಸೊಸೆಗೆ ಅಂತ ಬರೆದು ಹೊಡೆದುಹಾಕಿದ್ದೇನೆ. ಆ ಮಾತು ನನ್ನ ಕೈಯಿಂದ ಬಂದರೆ ನೀನು ನಂಬುವುದಿಲ್ಲ, ಓದುವುದನ್ನೂ ಅಲ್ಲಿಗೇ ಬಿಡುತ್ತೀ. ಮೈ ಹೇಗಿದೆ? ಕತ್ತಿನ ಮೇಲಿನ ಕಲೆ ಹೋಯಿತೇ? ಅಕ್ಕನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲಾ ಇಲ್ಲಿಯ ಹಾಗೆ ಎಲ್ಲರದ್ದೂ ಆದಮೇಲೆ ಪಾತ್ರೆಯ ತಳ ಕೆರೆಯುತ್ತೀಯಾ? ಮಗು ಚೆನ್ನಾಗಿದೆ, ದವಡೆ ಹಲ್ಲು ಬರುತ್ತಿದೆ. ನಿನ್ನ ಗಂಡನೂ ಇದ್ದಾನೆ, ಎಂದಿನಂತೆ ಬಾಯಿಗೆ ಬೀಗ ಹಾಕಿಕೊಂಡು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದರು, ಸಾಲದ್ದಕ್ಕೆ ಈಗ ಬೆರಳುಗಳು ಊದಿಕೊಂಡಿವೆ. ಯಾಕೆ ಊದಿವೆ ಅಂತ ಹೇಳುವುದಕ್ಕೇ ಈ ಕಾಗದ.

ಚಳಿ ಶುರುವಾಯಿತು ಅಂತ ಎರಡು ವಾರದ ಹಿಂದೆ ಬಾಗಿಲ ಹಿಂದಿನ ಮೊಳೆಯಿಂದ ಅವನ ಕೆಲಸದ ಕೋಟು ಇಳಿಸಿದೆ. ಹಳಿ ಪಕ್ಕದ ಪೊದೆ ಕಡಿಯುವಾಗ ಹಾಕುತ್ತಿದ್ದನಲ್ಲ, ವಾರ ವಾರ ನೀನು ಎದೆಗೊತ್ತಿಕೊಂಡು ಹೋಗಿ ಒಗೆಯುತ್ತಿದ್ದೆಯಲ್ಲ, ಅದೇ. ನೀನು ಹೋದಮೇಲೆ ಅವನನ್ನು ಸ್ಟೇಷನ್ನಿನ ಒಳಗಿನ ಕೆಲಸಕ್ಕೆ ಹಾಕಿದ್ದರು, ಕೊನೆಯ ದಿನದ ಕೊಳೆಯೊಂದಿಗೆ ಕೋಟು ಮೊಳೆಯಲ್ಲೇ ತೂಗುತ್ತಿತ್ತು. ತೋಳು ಹರಿದಿತ್ತು, ಕೂತು ಹೊಲಿದೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸುವುದು ನನ್ನ ಹಳೆಯ ಚಾಳಿ. ಕೆಲವು ದಿನಕ್ಕೆ ಕೈ ಮೇಲೆ ಗೆರೆ ಗೆರೆಯಾಗಿ ಕೆಂಪಗೆ ಎದ್ದು ನೀರುಗುಳ್ಳೆಯಾಯಿತು. ಮಾರನೆಯ ಬೆಳಿಗ್ಗೆ ತುಟಿ ಎರಡೂ ಊದಿ ನೀರು ಕುಡಿಯುವುದಕ್ಕೂ ಆಗಲಿಲ್ಲ. ನನಗೆ ಬಾಯಿಗೇ ಬಂತು ನೋಡು. ಏನನ್ನಬೇಕೋ ನೀನೇ ಅಂದುಕೋ, ಆ ಸಂತೋಷವನ್ನು ನಿನ್ನಿಂದ ಕಿತ್ತುಕೊಳ್ಳುವುದಿಲ್ಲ.

ಆಸ್ಪತ್ರೆಯ ನರ್ಸಮ್ಮ ಕೈ ನೋಡಿದ ಕೂಡಲೇ, "ಅಜ್ಜೀ, ಮನೇಲಿ ಪೊದೆ ಕಡಿಯೋರು ಯಾರಿದಾರೆ?" ಅಂದಳು. ಒಂದು ತೊಟ್ಟಿಗೆ ಮೂರು ಎಲೆಯ ತುರಿಕೆ ಬಳ್ಳಿ ಇದೆಯಂತೆ. ಅದರ ರಸ ಎಣ್ಣೆಯ ಹಾಗೆ ಬಟ್ಟೆಗೆ, ಮಚ್ಚಿನ ಹಿಡಿಗೆ, ಬೂಟಿನ ದಾರಕ್ಕೆ ಅಂಟಿದರೆ ತಿಂಗಳುಗಟ್ಟಲೆ ಸಾಯುವುದಿಲ್ಲವಂತೆ. ಕೆಲವರ ಮೈಗೆ ಅದು ಏನೂ ಮಾಡುವುದಿಲ್ಲ, ಕೆಲವರನ್ನು ಸುಟ್ಟುಬಿಡುತ್ತದೆ. ನನ್ನ ಮಗ ಮೊದಲನೆಯ ಜಾತಿ. ಬಳ್ಳಿಯಲ್ಲಿ ಬಿದ್ದು ಹೊರಳಿದರೂ ಅವನಿಗೆ ಒಂದು ಗುಳ್ಳೆ ಇಲ್ಲ. ಗಂಡನಿಗಿಲ್ಲದ ಗುಳ್ಳೆ ಹೆಂಡತಿಯ ಕತ್ತಿಗೆ, ಎದೆಗೆ ಎಲ್ಲಿಂದ ಬಂತು ಅಂತ ನಾನು ಲೆಕ್ಕ ಹಾಕಿದ್ದು ಅಲ್ಲಿಂದಲೇ ಅಲ್ಲವೇ. ಆಮೇಲೆ ನರ್ಸಮ್ಮನನ್ನು ಒಂದೇ ಮಾತು ಕೇಳಿದೆ, ಇದು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆಯೇ ಅಂತ. "ಇಲ್ಲಜ್ಜಿ, ಗುಳ್ಳೆ ಒಡೆದು ನೀರು ಸುರಿದರೂ ಹತ್ತಲ್ಲ. ಎಣ್ಣೆ ತೊಳೆದುಕೊಂಡ್ಮೇಲೆ ಮೊಮ್ಮಗೂನ ಎತ್ಕೊಳ್ಳಿ, ಏನೂ ಆಗಲ್ಲ." ಅವಳು ನನಗೆ ಧೈರ್ಯ ಹೇಳಿದಳು.

ಹಾಲು ಕುಡಿಯುತ್ತಿದ್ದ ಮಗುವನ್ನು ನಿನ್ನ ಮಡಿಲಿಂದ ಎಳೆದುಕೊಂಡವಳು ನಾನು. ಮಗುವಿಗೆ ಹತ್ತಿಸಬೇಡ, ಎಲ್ಲಿ ಅಂಟಿಸಿಕೊಂಡೆಯೋ ಅಲ್ಲಿಗೇ ಹೋಗು ಅಂದೆ. ಅದಕ್ಕೂ ಮೊದಲು ಕುದಿಯುವ ನೀರು ಕಾಯಿಸಿಕೊಟ್ಟು, ಗಸಗಸ ಉಜ್ಜು ಅಂತ ನಿಂತು ನೋಡಿದೆ. ನೀನು ಹಲ್ಲು ಕಚ್ಚಿಕೊಂಡು ಉಜ್ಜಿದೆ, ಚರ್ಮ ಕಿತ್ತು ಬಂತು. ಅಕ್ಕನ ಮನೆಯಲ್ಲಿ ಮೂರು ವಾರಕ್ಕೆ ವಾಸಿಯಾಯಿತು ಅಂತ ಸುದ್ದಿ ಬಂದಾಗಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಗಂಡನ ಮನೆ ಕಂಡರೆ ಮೈ ಉರಿಯುತ್ತಿತ್ತು, ಈಗ ತಣ್ಣಗಾಗಿದ್ದಾಳೆ ಅಂದೆ. ನಿಜವೇ ಅಂದಿದ್ದೆ, ನನಗೇ ಗೊತ್ತಿರಲಿಲ್ಲ.

ಕೋಟನ್ನು ಸುಟ್ಟುಬಿಡುತ್ತೇನೆ ಅಂದೆ. ನರ್ಸಮ್ಮ ಬೈದಳು. ಅದರ ಹೊಗೆ ಗಂಟಲಿಗೆ ಇಳಿದರೆ ಉಸಿರೇ ಕಟ್ಟುತ್ತದಂತೆ. ಚೀಲದಲ್ಲಿ ಕಟ್ಟಿ ಬಿಸಾಡಿದ್ದೇವೆ. ಈ ವಾರದಿಂದ ಅವನು ಮತ್ತೆ ಪೊದೆ ಕೆಲಸಕ್ಕೆ. ಉದ್ದ ತೋಳಿನ ಅಂಗಿ, ಕೈಗವಸು. ಬಳ್ಳಿ ತಾಗಿದರೆ ಅಲ್ಲೇ, ಆ ಗಳಿಗೆಯಲ್ಲೇ, ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯಬೇಕು, ಉಗುರಿನ ಸಂದಿಯನ್ನೂ. ಬಟ್ಟೆಯನ್ನು ಹಿತ್ತಿಲಲ್ಲೇ ಬಿಚ್ಚಿ, ಬೇರೆ ಬಕೆಟ್ಟಿನಲ್ಲಿ ತಾನೇ ಒಗೆಯುತ್ತಾನೆ. ಮಚ್ಚು, ಬೂಟುಗಳನ್ನೂ ತೊಳೆಯುತ್ತಾನೆ. ಈ ಹೊಸ್ತಿಲೊಳಗೆ ಆ ಎಣ್ಣೆಯ ಒಂದು ಹನಿಯೂ ಬರುವುದಿಲ್ಲ. ನಿನಗೆ ಮತ್ತೆಲ್ಲಾದರೂ ಎದ್ದರೆ ಕೆರೆಯಬೇಡ, ಒದ್ದೆ ಬಟ್ಟೆ ಹಾಕು, ಗುಲಾಬಿ ಬಣ್ಣದ ಲೋಷನ್ ಹಚ್ಚು. ಮುಖವೋ ಕಣ್ಣೋ ಊದಿದರೆ ಡಾಕ್ಟರ ಹತ್ತಿರ ಓಡು, ನನ್ನಂಥವರ ಮಾತು ಕೇಳಬೇಡ.

ಮೊನ್ನೆ ಬೀದಿಯ ನಲ್ಲಿಗೆ ಹೋಗಿದ್ದೆ. ನಿನ್ನ ಮೇಲೆ ಇಲ್ಲದ್ದನ್ನೆಲ್ಲ ಹೇಳಿದ್ದು ಅಲ್ಲಿಯೇ, ಅದಕ್ಕೆ ತಪ್ಪು ನನ್ನದು ಅಂತಲೂ ಅಲ್ಲಿಯೇ ಹೇಳಿದೆ, ಕೈ ಎತ್ತಿ ತೋರಿಸಿ. ಮೂರನೇ ಮನೆಯ ಗುಡುಗಮ್ಮ ಇದ್ದಾಳಲ್ಲ, "ಅಯ್ಯೋ ಅಜ್ಜೀ, ಈ ವಯಸ್ಸಲ್ಲಿ ನಿಮಗೆಲ್ಲಿ ಅಂಟ್ಕೊಳ್ತು?" ಅಂದು ತನ್ನ ಕೊಡವನ್ನು ನನ್ನ ಕೊಡದ ಪಕ್ಕದಿಂದ ಎಳೆದುಕೊಂಡಳು. ಎಲ್ಲರೂ ನಕ್ಕರು. ನಾಲ್ಕು ತಿಂಗಳ ಹಿಂದೆ ನಿನ್ನ ಕೊಡಕ್ಕೂ ಹೀಗೇ ಮಾಡಿದ್ದರಂತೆ. ನೀನು ಮನೆಗೆ ಬಂದು ಒಂದು ಮಾತೂ ಹೇಳಲಿಲ್ಲ.

ನಿನ್ನ ಗಂಡನನ್ನು ಕಳಿಸುತ್ತಿಲ್ಲ. ಓಡಿಸಿದವಳು ನಾನು, ಕರೆಯಬೇಕಾದವಳೂ ನಾನೇ. ಕ್ಷಮಿಸು ಅಂತ ಬರೆಯುವುದಿಲ್ಲ. ಅದನ್ನು ನೀನು ಬಂದಾಗ ಬಾಗಿಲಲ್ಲಿ ನಿನ್ನ ಮುಖ ನೋಡಿ ಹೇಳುತ್ತೇನೆ.

ನಿನ್ನ ಅಕ್ಕನಿಗೆ, ಭಾವನಿಗೆ ಕೇಳಿದೆ ಅಂತ ಹೇಳು. ನಿನ್ನ ಮೈ ತಣ್ಣಗಿರಲಿ, ನಿನಗೆ ನಿದ್ದೆ ಬರಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಮಗು ಚೆನ್ನಾಗಿದೆ ಅಂದದ್ದು ಪೂರ್ತಿ ನಿಜವಲ್ಲ. ಬಾಗಿಲ ಕಡೆ ನೋಡಿ ಅಳುವುದನ್ನು ಬಿಟ್ಟು ತಿಂಗಳಾಯಿತು. ನಿನ್ನೆ ನನ್ನ ಸೆರಗು ಹಿಡಿದು "ಅಮ್ಮಾ" ಅಂತು. ನಾನು "ಓ" ಅಂದುಬಿಟ್ಟೆ. ಹಿತವಾಯಿತು ಕಣೇ, ನನಗೆ ಅದೇ ಹೆದರಿಕೆ. ಈ ವಾರವೇ ಬಾ.