ಐವತ್ತಾರರ ಬ್ರೇಕು, ಎಂಬತ್ತನಾಲ್ಕರ ಬ್ರೇಕು

ಜೂನ್ ೯, ಭಾನುವಾರ

ಅಕ್ಕಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಪತ್ರಿಕೆಯಲ್ಲಿ ನಿನ್ನ ಲೇಖನ ಓದಿದಾಗಿನಿಂದ ಮೈಯೆಲ್ಲ ಉರಿಯುತ್ತಿದೆ.

ನಮ್ಮ ಮನೆಯ ಐವತ್ತಾರನೇ ಇಸವಿಯ ಕಾರು ಡುಮ್ಮಿಯನ್ನೂ ಭಾವನ ಎಂಬತ್ತನಾಲ್ಕರ ಕೆಂಪು ಕಾರನ್ನೂ ಅಕ್ಕಪಕ್ಕ ನಿಲ್ಲಿಸಿ ಅಂಕ ಕೊಟ್ಟಿದ್ದೀಯ. ಭಾವನ ಕಾರಿಗೆ ಎಲ್ಲದರಲ್ಲೂ ಒಂಬತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಇರಲಿ. ಅದು ಕಿರುಬೆರಳಲ್ಲಿ ತಿರುಗುತ್ತದೆ, ಒತ್ತಿದಲ್ಲೇ ನಿಲ್ಲುತ್ತದೆ. ಡುಮ್ಮಿಯನ್ನು ಒಂದು ಮೂಲೆ ತಿರುಗಿಸುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಇಪ್ಪತ್ತು ವರ್ಷದಿಂದ ಗ್ಯಾರೇಜಿನ ಗ್ರೀಸಿನಲ್ಲಿ ಮುಳುಗಿರುವವಳು ನಾನು, ಇದನ್ನು ಒಪ್ಪದಿರಲು ನನಗೇನು ಹುಚ್ಚೇ? ಆದರೆ ಡುಮ್ಮಿಯ ಬಾಗಿಲು ಮುಚ್ಚುವಾಗಿನ ಆ ಗಟ್ಟಿ ಸದ್ದು, ಆರು ಜನ ಆರಾಮಾಗಿ ಕೂರುವ ಉದ್ದ ಸೀಟು, ಒಂದು ಸ್ಪ್ಯಾನರ್ ಇದ್ದರೆ ರಸ್ತೆ ಬದಿಯಲ್ಲೇ ರಿಪೇರಿಯಾಗುವ ಎಂಜಿನ್ನು, ಇವು ಯಾವುದೂ ನಿನಗೆ ನೆನಪಾಗಲಿಲ್ಲ. ಹೋಗಲಿ, ಅದನ್ನೂ ಬಿಟ್ಟೆ.

ಬಿಡಲಾಗದ್ದು ಒಂದೇ. ಡುಮ್ಮಿಯ ಬ್ರೇಕಿಗೆ ಹತ್ತಕ್ಕೆ ಎರಡು ಕೊಟ್ಟು, ಅದಕ್ಕೆ ಸಾಕ್ಷಿಯಾಗಿ ಅಪ್ಪನನ್ನು ಎಳೆದು ತಂದಿದ್ದೀಯ. ಆ ಬ್ರೇಕು ನಂಬಿ ನನ್ನ ತಂದೆ ಒಬ್ಬ ದರ್ಜಿಯ ಕಾಲು ಮುರಿದರು ಅಂತ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಅವತ್ತು ಹಿಂದಿನ ಸೀಟಿನಲ್ಲಿ ನಾನಿದ್ದೆ. ನನಗೆ ಹನ್ನೆರಡು, ನಿನಗೆ ಹದಿನೇಳು. ಲೈಸೆನ್ಸ್ ಇಲ್ಲದಿದ್ದರೂ ಅಪ್ಪನನ್ನು ಕಾಡಿ ಬೇಡಿ ಸ್ಟಿಯರಿಂಗ್ ಹಿಡಿದಿದ್ದೆ ನೀನು. ದರ್ಜಿ ಅಂಗಡಿಯ ತಿರುವಿನಲ್ಲಿ ಅಪ್ಪ ಬ್ರೇಕು, ಬ್ರೇಕು ಅಂತ ಕೂಗಿಕೊಂಡರು. ನೀನು ತುಳಿದದ್ದು ಆಕ್ಸಿಲರೇಟರ್. ಜನ ಸೇರುವಷ್ಟರಲ್ಲಿ ಅಪ್ಪ ನಿನ್ನನ್ನು ಪಕ್ಕಕ್ಕೆ ನೂಕಿ ನಿನ್ನ ಜಾಗಕ್ಕೆ ಸರಿದಿದ್ದರು. ಪೊಲೀಸರು ಬಂದಾಗ ಬ್ರೇಕು ಹಿಡಿಯಲಿಲ್ಲ ಅಂದುಬಿಟ್ಟರು.

ಅವರು ಡ್ರೈವಿಂಗ್ ಕಲಿಸುವ ಮೇಷ್ಟ್ರು, ಅಕ್ಕಾ. ಬ್ರೇಕಿಲ್ಲದ ಕಾರು ರಸ್ತೆಗಿಳಿಸಿದ ಮೇಷ್ಟ್ರ ಹತ್ತಿರ ಯಾರು ಕಲಿಯಲು ಬರುತ್ತಾರೆ? ಲೈಸೆನ್ಸ್ ಹೋಯಿತು, ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಯಿತು. ಆಮೇಲೆ ಹನ್ನೊಂದು ವರ್ಷ ಪಾರ್ಕಿಂಗ್ ಜಾಗದಲ್ಲಿ ಸೀಟಿ ಊದುತ್ತಾ, ತಾವೇ ಕಲಿಸಿದವರ ಕಾರುಗಳನ್ನು ಸಾಲಾಗಿ ನಿಲ್ಲಿಸಿದರು. ಉಪ್ಪು ತಿಂದವಳು ನೀನು, ನೀರು ಕುಡಿದವರು ಅವರು.

ಕೆಲಸ ಕಲಿತ ಮೊದಲ ವರ್ಷವೇ ಶೆಡ್ಡಿನಲ್ಲಿ ನಿಂತಿದ್ದ ಡುಮ್ಮಿಯ ನಾಲ್ಕೂ ಚಕ್ರ ಬಿಚ್ಚಿ ನೋಡಿದೆ. ಬ್ರೇಕಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಆಗಲೂ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಪಾಪ, ಅಕ್ಕ ಹೆದರಿ ನಿಜ ಹೇಳುತ್ತಿಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ, ನಿನಗೋಸ್ಕರ ಹೇಳಿದ ಸುಳ್ಳನ್ನು ನೀನೇ ನಂಬಿ, ಅಚ್ಚು ಹಾಕಿಸಿದ್ದೀಯ!

ಮುಂದಿನ ಸಂಚಿಕೆಯಲ್ಲಿ ನಿಜ ಬರೆ. ಆಗದಿದ್ದರೆ ಇಲ್ಲಿಗೆ ಬಂದು ಅಪ್ಪನ ಎದುರು ಕೂತು ಹೇಳು. ಎರಡೂ ಆಗುವುದಿಲ್ಲವೆಂದರೆ ಈ ಬಾಗಿಲು ತುಳಿಯಬೇಡ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಪುಟ್ಟಿ

ತಾ.ಕ.: ಅಪ್ಪನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಲೇಖನ ಓದಿ ಹೇಳು ಅಂತ ನನ್ನನ್ನು ಕೂರಿಸಿಕೊಂಡರು. ಆ ಸಾಲು ಹಾರಿಸಿ ಓದಿದೆ. ಮುಗಿದ ಮೇಲೆ, ಆ್ಯಕ್ಸಿಡೆಂಟಿನ ವಿಷಯ ಏನಾದರೂ ಬರೆದಿದ್ದಾಳಾ ಅಂತ ಮೆಲ್ಲಗೆ ಕೇಳಿದರು. ಇಲ್ಲ ಅಂದೆ. ಸದ್ಯ, ಮಗು ಅದನ್ನು ಮರೆತಿದೆ, ಅಷ್ಟು ಸಾಕು ಅಂದರು. ಈಗ ಮನೆಗೆ ಬಂದವರಿಗೆಲ್ಲ, ನನ್ನ ದೊಡ್ಡ ಮಗಳು ಬರೆದದ್ದು, ಓದಿ ಅಂತ ಅದೇ ಪುಟ ಬಿಡಿಸಿ ಕೊಡುತ್ತಿದ್ದಾರೆ.